ಹಸೆಯ ಬಿಳಿ ಎಳೆ ಒಣಗುವ ತನಕ ಕೈ ಕಟ್ಟಿಕೊಂಡಿರಿ

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ನೆಂಟರ ಮದುವೆಗೆ ಹೋಗಿದ್ದೆ. ಹೆಣ್ಣುಗಂಡು ಕೂರುವ ಹಸೆಗೋಡೆಯ ಮುಂದೆ ಮೂವರು ಹುಡುಗಿಯರು ಅಂಗಡಿಯ ಬಿಳಿ ಬಣ್ಣದ ಡಬ್ಬಿ ತೆರೆದಿಟ್ಟು, ಸ್ಕೇಲು ಹಿಡಿದು ಚಿತ್ತಾರ ಶುರು ಮಾಡುತ್ತಿದ್ದರು. ನೋಡಿ ಮೈ ಉರಿಯಿತು. ಕೇಳಿದರೆ, ‘ಅಕ್ಕಿಯ ಬಣ್ಣ ಬೆಳ್ಳಗೆ ಕಾಣುವುದೇ ಇಲ್ಲ ಅಜ್ಜಿ’ ಎಂದರು. ಹಾಗಾದರೆ ಮಲೆನಾಡಿನ ನಮ್ಮ ದೀವರ ಸಮುದಾಯದ ಹೆಂಗಸರೆಲ್ಲ ಇಷ್ಟು ಕಾಲ ಕಾಣದ ಗೆರೆಯನ್ನೇ ಎಳೆದರೇ?

ಕೆಮ್ಮಣ್ಣು ಬಳಿದ ಗೋಡೆ ಪೂರಾ ಒಣಗಿರಬೇಕು, ಅದನ್ನು ಹೇಳಿಕೊಡಬೇಕಿಲ್ಲ. ಕರಿ ಬಣ್ಣಕ್ಕೆ ಅಕ್ಕಿಯನ್ನು ಇದ್ದಿಲಾಗುವಂತೆ ಹುರಿದು ಅರೆಯುವುದು, ಹಳದಿಗೆ ಗುರಿಗೆ ಮರದ ಕಾಯಿ. ಕೆಂಪು, ಬಿಳಿ, ಕರಿ, ಹಳದಿ, ಇಷ್ಟೇ. ಐದನೆಯ ಬಣ್ಣಕ್ಕೆ ಕೈ ಚಾಚಬೇಡಿ.

ಎಲ್ಲರೂ ಎಡವುವುದು ಬಿಳಿಯಲ್ಲಿ. ಬೆಳ್ತಿಗೆ ಅಕ್ಕಿಯನ್ನು ರಾತ್ರಿಯೇ ನೆನೆಹಾಕಿ. ಉಗುರಿನಲ್ಲಿ ಒತ್ತಿದರೆ ಪುಡಿಯಾಗಬೇಕು. ಒರಳಲ್ಲಾಗಲಿ ಮಿಕ್ಸಿಯಲ್ಲಾಗಲಿ, ಬೆರಳ ತುದಿಗೆ ತರಿ ಸಿಗದಂತೆ ಅರೆದು, ಹಳೆಯ ಪಂಚೆಯ ಬಟ್ಟೆಯಲ್ಲಿ ಎರಡು ಸಲ ಸೋಸಿ. ಆ ಬಟ್ಟೆಯನ್ನು ಆಗಲೇ ತೊಳೆದುಹಾಕಿ. ಒಣಗಲು ಬಿಟ್ಟರೆ ಹಪ್ಪಳದಂತೆ ಸೆಟೆದುಕೊಳ್ಳುತ್ತದೆ, ಆಮೇಲೆ ತಿಕ್ಕಿ ಪ್ರಯೋಜನವಿಲ್ಲ. ಸೋಸಿದ ಹಾಲು ನೀರುದೋಸೆ ಹಿಟ್ಟಿಗಿಂತ ಒಂದು ಸುತ್ತು ಮಂದ ಇರಲಿ. ಪುಂಡಿ ಗಿಡದ ನಾರಿನ ಕುಂಚವನ್ನು ಅದರಲ್ಲಿ ಅದ್ದಿ, ಬಟ್ಟಲಿನ ಅಂಚಿಗೆ ಒಮ್ಮೆ ಒರೆಸಿ ಎಳೆ, ಅಂದರೆ ಗೆರೆ, ಎಳೆಯಿರಿ. ಎಳೆದ ಕೂಡಲೇ ಅದು ಮಾಸಲಾಗಿ, ನೀರು ಸುರಿದ ಗುರುತಿನಂತೆ ಕಾಣುತ್ತದೆ. ಇಲ್ಲೇ ಈಗಿನವರಿಗೆ ತಾಳ್ಮೆ ಕೆಡುವುದು. ಅದರ ಮೇಲೇ ಮತ್ತೊಂದು ಸಲ, ಇನ್ನೊಂದು ಸಲ ತೀಡುತ್ತಾರೆ. ದಪ್ಪಗಾದ ಹಿಟ್ಟು ಒಣಗಿ ಬಿರುಕು ಬಿಟ್ಟು, ಮದುವೆಯ ದಿನಕ್ಕೆ ಚಕ್ಕೆ ಚಕ್ಕೆಯಾಗಿ ಮಣೆಯ ಮೇಲೆ ಉದುರುತ್ತದೆ. ಸುಮ್ಮನೆ ಬಿಡಿ. ನೀರು ಆರಿದಂತೆ ಬಿಳುಪು ತಾನಾಗಿ ಮೇಲೆ ಬರುತ್ತದೆ.

ನಾನು ಮೊದಲ ಸಲ ಹೀಗೆ ತೀಡಿದಾಗ ಅಮ್ಮ ಕೈಯಿಂದ ಕುಂಚ ಕಿತ್ತುಕೊಂಡು, ‘ಹೋಗಿ ದನಕ್ಕೆ ನೀರು ಇಟ್ಟು ಬಾ’ ಎಂದಿದ್ದಳು. ಬಂದು ನೋಡಿದರೆ ಗೋಡೆಯ ತುಂಬ ಬೆಳದಿಂಗಳು.

ಸ್ಕೇಲಂತೂ ಬೇಡವೇ ಬೇಡ. ಒಂದೆಳೆ, ಎರಡೆಳೆ, ಮೂರೆಳೆ ಎಂದು ಜೋಡಿಸುತ್ತಾ ಹೋಗುವುದೇ ನಮ್ಮ ಚಿತ್ತಾರ. ಮಣಿಕಟ್ಟು ತಿರುಗಿಸದೆ, ಮೊಣಕೈಯಿಂದ ಎಳೆದರೆ ಗೆರೆ ನಡುಗುವುದಿಲ್ಲ. ಹಾಡು ಹೇಳಿಕೊಂಡು ಬರೆದರೆ ಇನ್ನೂ ಒಳ್ಳೆಯದು, ಕೈ ಅವಸರಪಡುವುದಿಲ್ಲ. ಭೂಮಿ ಹುಣ್ಣಿಮೆ ಹಬ್ಬದಲ್ಲಿ ಗದ್ದೆಗೆ ಎಡೆ ಒಯ್ಯುವ ಬುಟ್ಟಿಗೂ ಇದೇ ಬಿಳಿ. ಆದರೆ ಬಿದಿರಿನ ಸಂದುಗಳನ್ನು ಸಗಣಿಯಿಂದ ಮುಚ್ಚಿ ಒಣಗಿಸಿದ ಮೇಲೆಯೇ ಕೆಮ್ಮಣ್ಣು ಬಳಿಯಿರಿ. ಹಸಿ ಸಗಣಿಯ ಮೇಲೆ ಬಳಿದು ಆಮೇಲೆ ನನ್ನ ಹತ್ತಿರ ಅಳಬೇಡಿ.

ಆ ಹುಡುಗಿಯರ ಜೊತೆ ವಾದ ಮಾಡಲಿಲ್ಲ. ದೋಸೆಗೆ ನೆನೆಹಾಕಿದ್ದ ಅಕ್ಕಿಯಲ್ಲೇ ಒಂದು ಹಿಡಿ ಅರೆದು, ಗೋಡೆಯ ಮೂಲೆಯಲ್ಲಿ ಮೂರೆಳೆ ಎಳೆದು, ಊಟಕ್ಕೆ ಎಬ್ಬಿಸಿಕೊಂಡು ಹೋದೆ. ಕೈ ತೊಳೆದು ಬಂದವರು ಮೂಲೆಯನ್ನು ನೋಡಿದರು. ಒಬ್ಬಳು ಸದ್ದಿಲ್ಲದೆ ಡಬ್ಬಿಯ ಮುಚ್ಚಳ ಹುಡುಕತೊಡಗಿದಳು.