ಸ್ಟರ್ಜ್-ವೆಬರ್: ಮೊದಲ ಸೆಳವಿಗೂ ಮುನ್ನ ನಾನು ಮಾಡುವ ಕೆಲಸ

ಹಣೆ ಮತ್ತು ಮೇಲಿನ ರೆಪ್ಪೆಯ ಮೇಲೆ ಕೆಂಪು-ನೇರಳೆ ಮಚ್ಚೆಯಿರುವ ಹಸುಗೂಸನ್ನು ಕರೆತರುವ ಹೆತ್ತವರಿಗೆ ಮುಖದ್ದೇ ಚಿಂತೆ. ಮಕ್ಕಳ ನರರೋಗ ತಜ್ಞೆಯಾದ ನನಗೆ ಮಿದುಳಿನದು. ಇಂಥ ಮಚ್ಚೆಯ ಜೊತೆ ಇರಬಹುದಾದ ಸ್ಟರ್ಜ್-ವೆಬರ್ ಸಿಂಡ್ರೋಮ್ ಎಂಬ ಹುಟ್ಟು ಕಾಯಿಲೆಯಲ್ಲಿ ಮಿದುಳಿನ ಹೊದಿಕೆಯ ರಕ್ತನಾಳಗಳು ಅಸಹಜವಾಗಿ ಬೆಳೆದಿರುತ್ತವೆ. ರಕ್ತ ಹಿಂದಿರುಗುವ ದಾರಿ ಇಕ್ಕಟ್ಟಾಗಿರುತ್ತದೆ. ಸೆಳವು (ಫಿಟ್ಸ್) ಬಂದಾಗ ಮಿದುಳು ಹೆಚ್ಚು ಆಮ್ಲಜನಕ ಬೇಡುತ್ತದೆ, ಆ ಭಾಗಕ್ಕೆ ಅದು ಸಿಗುವುದಿಲ್ಲ. ಹೀಗಾಗಿ ದೀರ್ಘ ಸೆಳವೇ ಮಿದುಳಿಗೆ ಹೊಸ ಪೆಟ್ಟು.

‘ಬಸಿರಿನಲ್ಲಿ ನಾನೇನಾದರೂ ತಪ್ಪು ಮಾಡಿದೆನೇ?’ ಎಂದು ತಾಯಂದಿರು ಕೇಳುತ್ತಾರೆ. ಇಲ್ಲ. ಜಿಎನ್‌ಎಕ್ಯು ವಂಶವಾಹಿಯಲ್ಲಿ ಆಗುವ ಬದಲಾವಣೆ ಇದಕ್ಕೆ ಕಾರಣವೆಂದು 2013ರಲ್ಲಿ ಗೊತ್ತಾಯಿತು. ಅದು ಭ್ರೂಣ ಬೆಳೆಯುವಾಗ ತಾನಾಗಿಯೇ ಆಗುವಂಥದ್ದು, ತಂದೆತಾಯಿಯಿಂದ ಬಂದದ್ದಲ್ಲ. ಅವರು ಕೇಳದಿದ್ದರೂ ನಾನು ಇದನ್ನು ಹೇಳುತ್ತೇನೆ.

ಮೊದಲ ತಿಂಗಳುಗಳಲ್ಲಿ ಎಂಆರ್‌ಐ ಸಹಜವಾಗಿ ಕಾಣಬಹುದು. ಅಷ್ಟಕ್ಕೇ ‘ಏನೂ ಇಲ್ಲ’ ಎಂದು ಕಳುಹಿಸುವುದಿಲ್ಲ. ಮಗುವಿನ ಕೈಗಳನ್ನು ನೋಡುತ್ತೇನೆ. ವರ್ಷ ತುಂಬುವ ಮೊದಲೇ ಒಂದೇ ಕೈಯನ್ನು ಬಳಸುತ್ತಿದ್ದರೆ ಇನ್ನೊಂದು ಸೋತಿದೆಯೆಂದು ಅನುಮಾನಿಸಬೇಕು.

ಸೆಳವು ಬಹುತೇಕ ಮೊದಲ ವರ್ಷದಲ್ಲೇ ಶುರುವಾಗುತ್ತದೆ, ಹಲವು ಸಲ ಜ್ವರದ ಜೊತೆಗೆ. ಆದ್ದರಿಂದ ಮೊದಲ ಭೇಟಿಯಲ್ಲೇ ಮನೆಯವರಿಗೆ ಒಂದು ಹಾಳೆ ಬರೆದುಕೊಡುತ್ತೇನೆ: ಜ್ವರ ಬಂದರೆ ಬೇಗ ಇಳಿಸಿ, ನೀರಿನಂಶ ಕಡಿಮೆಯಾಗಲು ಬಿಡಬೇಡಿ, ಸೆಳವು ಬಂದರೆ ಪಕ್ಕಕ್ಕೆ ಮಲಗಿಸಿ, ಗಡಿಯಾರ ನೋಡಿ, ಐದು ನಿಮಿಷವಾದರೆ ಸೆಳವು ನಿಲ್ಲಿಸುವ ಮಿಡಜೋಲಮ್ ಔಷಧವನ್ನು ಮೂಗಿಗೆ ಸಿಂಪಡಿಸಿ ಆಸ್ಪತ್ರೆಗೆ ಹೊರಡಿ. ಹಿಂದೆ ದೀರ್ಘ ಸೆಳವು ಕಂಡ ಮಗುವಾದರೆ ಇನ್ನೂ ಬೇಗ. ಬರೆದು ಕೊಟ್ಟರೆ ಸಾಲದು, ಸಿಂಪಡಿಸುವುದನ್ನು ನನ್ನೆದುರೇ ಅಭ್ಯಾಸ ಮಾಡಿಸುತ್ತೇನೆ.

ಸೆಳವು ಶುರುವಾದ ಮೇಲೆ ಅದನ್ನು ತಡೆಯುವ ಲೆವೆಟಿರಾಸಿಟಾಮ್ ಅಥವಾ ಆಕ್ಸ್‌ಕಾರ್ಬಜೆಪೀನ್ ಔಷಧವನ್ನು ತಡಮಾಡದೆ ಆರಂಭಿಸುತ್ತೇನೆ. ಜೊತೆಗೆ, ಇಕ್ಕಟ್ಟಾದ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು, ಅನೇಕರಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 3ರಿಂದ 5 ಮಿಲಿಗ್ರಾಂ ಆಸ್ಪಿರಿನ್. ಇದಕ್ಕೆ ದೊಡ್ಡ ಪ್ರಯೋಗಗಳ ಬೆಂಬಲವಿಲ್ಲವೆಂದು ಮನೆಯವರಿಗೆ ತಿಳಿಸಿಯೇ ಕೊಡುತ್ತೇನೆ. ಫ್ಲೂ ಮತ್ತು ಚಿಕನ್‌ಪಾಕ್ಸ್‌ನಂಥ ಸೋಂಕುಗಳಲ್ಲಿ ಆಸ್ಪಿರಿನ್‌ನಿಂದ ರೇ ಸಿಂಡ್ರೋಮ್ (ಮಿದುಳು, ಯಕೃತ್ತಿಗೆ ಹಾನಿ ಮಾಡುವ ಕಾಯಿಲೆ) ಅಪಾಯವಿರುವುದರಿಂದ ಫ್ಲೂ, ಚಿಕನ್‌ಪಾಕ್ಸ್ ಲಸಿಕೆಗಳ ಯೋಜನೆಯನ್ನು ಮೊದಲೇ ಮಾಡಿಕೊಳ್ಳುತ್ತೇನೆ.

ಸೆಳವಿನ ನಂತರ, ಕೆಲವೊಮ್ಮೆ ತಲೆಗೆ ಸಣ್ಣ ಪೆಟ್ಟು ಬಿದ್ದ ಮೇಲೂ, ಒಂದು ಬದಿ ದುರ್ಬಲವಾಗಿ ಕೆಲವು ದಿನಗಳಲ್ಲಿ ಚೇತರಿಸಿಕೊಳ್ಳುವುದುಂಟು. ಆದರೆ ಪ್ರತಿ ಸಲವೂ ಪೂರ್ಣ ಚೇತರಿಕೆ ಖಚಿತವಿಲ್ಲ.

ಔಷಧಗಳು ಸೋತು, ರೋಗ ಒಂದೇ ಬದಿಗೆ ಸೀಮಿತವಾಗಿದ್ದರೆ ಶಸ್ತ್ರಚಿಕಿತ್ಸೆಯ ಮಾತನ್ನು ಬೇಗನೆ ಎತ್ತುತ್ತೇನೆ. ಮಿದುಳಿನ ಅರ್ಧಭಾಗದ ಸಂಪರ್ಕ ಕಡಿಯುವುದೆಂದರೆ ಯಾರಿಗಾದರೂ ಎದೆ ನಡುಗುತ್ತದೆ. ಎದುರು ಬದಿಯ ಕೈಬೆರಳುಗಳ ಸೂಕ್ಷ್ಮ ಚಲನೆ, ಅರ್ಧ ದೃಷ್ಟಿಕ್ಷೇತ್ರ ಹೋಗುತ್ತವೆಂದು ಮುಚ್ಚಿಡದೆ ಹೇಳುತ್ತೇನೆ. ಆದರೂ ಹೆಚ್ಚಿನ ಮಕ್ಕಳು ನಡೆಯಬಲ್ಲರು. ಸೆಳವು ನಿಂತರೆ ಕಲಿಕೆಗೆ ಅವಕಾಶ ಸಿಗುತ್ತದೆ. ಎಳೆಯ ಮಿದುಳು ಇನ್ನೊಂದು ಬದಿಯಲ್ಲಿ ಕೆಲಸ ಹೊಂದಿಸಿಕೊಳ್ಳುವ ಶಕ್ತಿ ವಯಸ್ಸಿನೊಂದಿಗೆ ಕುಗ್ಗುವುದರಿಂದ ಈ ಮಾತನ್ನು ಮುಂದೂಡುವುದು ನನಗೆ ಒಪ್ಪಿಗೆಯಿಲ್ಲ.

ಈ ಮಕ್ಕಳಿಗೆ ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡ ಹೆಚ್ಚಿ ದೃಷ್ಟಿ ಕೆಡಿಸುವ ಕಾಯಿಲೆ) ಯಾವ ವಯಸ್ಸಿನಲ್ಲೂ ಬರಬಹುದಾದ್ದರಿಂದ ಕಣ್ಣಿನ ಒತ್ತಡದ ತಪಾಸಣೆ ಬದುಕಿನುದ್ದಕ್ಕೂ ಬೇಕು.