ಚಳಿಗಾಲಕ್ಕೆ ಮುನ್ನ ಸೇನೆಯನ್ನು ಮನೆಗೆ ಕಳುಹಿಸುವ ಕ್ರಮ

ಯುದ್ಧ ಮುಗಿಯುತ್ತಿರುವ ಹೊತ್ತಿನಲ್ಲಿ ಸರಬರಾಜು ಅಧಿಕಾರಿಯ ಮೇಲೆ ಎರಡು ಕೆಲಸಗಳು ಒಟ್ಟಿಗೇ ಬಂದು ಬೀಳುತ್ತವೆ: ಶಿಬಿರದಲ್ಲಿ ಉಳಿಯುವವರನ್ನು ಸಲಹಬೇಕು, ಹೊರಡುವವರನ್ನು ಬೀಳ್ಕೊಡಬೇಕು. ಇವನ್ನು ಒಂದಕ್ಕೊಂದು ಸಂಬಂಧವಿಲ್ಲದ ಎರಡು ಕಚೇರಿಗಳಿಗೆ ಹಂಚಿಬಿಡಬಾರದು. ಸೈನಿಕನು ತನ್ನ ಊರು ತಲುಪುವವರೆಗೂ ಅವನ ಊಟ, ಬಟ್ಟೆ, ದಾರಿಖರ್ಚುಗಳು ಸೇನೆಯ ಹೊಣೆಯೇ ಎಂದು ಮೊದಲೇ ನಿಶ್ಚಯಿಸಿಕೊಂಡರೆ ಉಳಿದ ಲೆಕ್ಕಗಳು ತಾವಾಗಿಯೇ ಒಂದು ಕ್ರಮಕ್ಕೆ ಬರುತ್ತವೆ.

ಲೆಕ್ಕವನ್ನು ಒಪ್ಪಂದಕ್ಕೆ ಸಹಿ ಬೀಳುವ ದಿನದಿಂದ ಆರಂಭಿಸದೆ, ದಾರಿ ಮುಚ್ಚುವ ದಿನದಿಂದ ಹಿಂದಕ್ಕೆ ಎಣಿಸುತ್ತಾ ಬರಬೇಕು. ಕಣಿವೆಗಳಲ್ಲಿ ಹಿಮ ತುಂಬುವುದು, ನದಿ ಹೆಪ್ಪುಗಟ್ಟಿ ದೋಣಿಗಳು ನಿಲ್ಲುವುದು, ಅದಕ್ಕೂ ಮೊದಲು ಶರತ್ಕಾಲದ ಮಳೆಗೆ ರಸ್ತೆ ಕೆಸರಾಗಿ ಗಾಡಿಗಳು ಹೂತುಹೋಗುವುದು, ಇವುಗಳಲ್ಲಿ ಯಾವುದು ಮೊದಲು ಬರುತ್ತದೆಯೋ ಅದೇ ಕೊನೆಯ ಗಡುವು. ಅತಿ ದೂರದ ಊರಿನವನು ನಡೆದೋ ರೈಲಿನಲ್ಲೋ ಮನೆ ಸೇರಲು ಬೇಕಾಗುವ ದಿನಗಳನ್ನು ಆ ಗಡುವಿನಿಂದ ಕಳೆದರೆ ಅವನನ್ನು ಬಿಡುಗಡೆ ಮಾಡಬೇಕಾದ ದಿನ ಸಿಗುತ್ತದೆ. ಆ ದಿನ ದಾಟಿಹೋಗಿದ್ದರೆ ಅವನನ್ನು ವಸಂತದವರೆಗೆ ಶಿಬಿರದಲ್ಲೇ ಇರಿಸಿಕೊಳ್ಳುವುದು, ಮತ್ತು ಹಾಗೆಂದು ಅವನಿಗೆ ನೇರವಾಗಿ ತಿಳಿಸುವುದು ಉತ್ತಮ.

ಉಳಿಯುವವರ ಸಂಖ್ಯೆ ಗೊತ್ತಾದ ಕೂಡಲೇ ಚದುರಿದ ತುಕಡಿಗಳನ್ನು ಸೌದೆ, ನೀರು ಮತ್ತು ಬಂದರು ಅಥವಾ ರೈಲುನಿಲ್ದಾಣ ಹತ್ತಿರವಿರುವ ಕೆಲವೇ ಶಿಬಿರಗಳಿಗೆ ಒಗ್ಗೂಡಿಸಬೇಕು. ಯುದ್ಧಕ್ಕೆ ಬೇಡವಾದ ಕುದುರೆ, ಹೇಸರಗತ್ತೆಗಳನ್ನು ಮೇವು ತುಟ್ಟಿಯಾಗುವ ಮೊದಲೇ ಕಡಿಮೆ ಮಾಡಿಕೊಳ್ಳಬೇಕು. ಒಂದು ಕುದುರೆಗೆ ದಿನಕ್ಕೆ ಸುಮಾರು 10 ಕಿಲೋ ಒಣಮೇವು ಮತ್ತು ಧಾನ್ಯ ಬೇಕಾಗುವುದರಿಂದ, ಸುಮ್ಮನೆ ಕಟ್ಟಿಹಾಕಿದ ಪ್ರತಿ ಪ್ರಾಣಿಯೂ ಹಲವು ಸೈನಿಕರ ಪಡಿತರವನ್ನು ಹೊರಬಹುದಾಗಿದ್ದ ಗಾಡಿಯ ಜಾಗವನ್ನು ತಿನ್ನುತ್ತದೆ. ಆದರೆ ರೋಗಿಗಳನ್ನು ಸಾಗಿಸುವ ಗಾಡಿಗಳ ಪ್ರಾಣಿಗಳನ್ನು ಕೊನೆಯವರೆಗೂ ಮುಟ್ಟಬಾರದು.

ಕಂಬಳಿ, ಬೂಟು, ದಪ್ಪ ಅಂಗಿಗಳು ಚಳಿಗೆ ಮುನ್ನವೇ ಸೈನಿಕರ ಕೈ ಸೇರಿರಬೇಕು, ಮತ್ತು ಅವನ್ನೆಲ್ಲ ಒಂದೇ ಹಡಗಿಗೆ, ಒಂದೇ ಉಗ್ರಾಣಕ್ಕೆ ತುಂಬಬಾರದು. ರಷ್ಯದ ವಿರುದ್ಧದ ಯುದ್ಧದ ವೇಳೆ, 1854ರ ನವೆಂಬರ್ 14ರ ಬಿರುಗಾಳಿಯಲ್ಲಿ ಕ್ರೈಮಿಯಾದ ಬಾಲಕ್ಲಾವಾ ಬಂದರಿನ ಬಳಿ 'ಪ್ರಿನ್ಸ್' ಎಂಬ ಹಡಗು ಮುಳುಗಿದಾಗ ಬ್ರಿಟಿಷ್ ಸೇನೆಯ ಚಳಿಗಾಲದ ಉಡುಪುಗಳು ಅದರೊಂದಿಗೇ ಮುಳುಗಿದವು. ಬಂದರು ತಲುಪಿದ ಸಾಮಾನೂ ಕೆಸರಿನ ದಾರಿಯಲ್ಲಿ ಮೇಲಿನ ಶಿಬಿರಗಳಿಗೆ ಸರಿಯಾಗಿ ಏರಲಿಲ್ಲ. ಹೀಗಾಗಿ ದಾಸ್ತಾನು ಪುಸ್ತಕದಲ್ಲಿ ಬಂದರಿನ ಸರಕನ್ನೂ ತುಕಡಿಯ ಕೈಗೆ ಸೇರಿದ ಸರಕನ್ನೂ ಎಂದಿಗೂ ಒಂದೇ ಅಂಕಣದಲ್ಲಿ ಬರೆಯಬಾರದು.

ಯಾರು ಮೊದಲು ಹೊರಡಬೇಕೆಂಬ ಪ್ರಶ್ನೆಯೇ ಎಲ್ಲಕ್ಕಿಂತ ಸೂಕ್ಷ್ಮವಾದುದು. 1918ರ ನವೆಂಬರ್ ಕದನವಿರಾಮದ ನಂತರ ಬ್ರಿಟನ್ ತನ್ನ ಕೈಗಾರಿಕೆಗಳಿಗೆ ಬೇಕಾದವರನ್ನು ಮೊದಲು ಬಿಡಲು ಹೊರಟಿತು; ಆರ್ಥಿಕವಾಗಿ ಅದರಲ್ಲಿ ಅರ್ಥವಿತ್ತು, ಆದರೆ ಇತ್ತೀಚೆಗೆ ಸೇರಿದವನು ಕೆಲಸದ ಭರವಸೆಯ ಪತ್ರ ಹಿಡಿದು ಹೊರಡುವುದನ್ನು ನಾಲ್ಕು ವರ್ಷ ಕಾದಾಡಿದವನು ನೋಡುತ್ತಾ ನಿಲ್ಲಬೇಕಾಯಿತು. 1919ರ ಜನವರಿಯಲ್ಲಿ ಇಂಗ್ಲೆಂಡಿನ ಫೋಕ್‌ಸ್ಟನ್‌ ಬಂದರಿನಲ್ಲೂ ಫ್ರಾನ್ಸಿನ ಕ್ಯಾಲೆ ಬಂದರಿನಲ್ಲೂ ಸೈನಿಕರು ಪ್ರತಿಭಟಿಸಿದರು. ಆ ತಿಂಗಳು ಯುದ್ಧಸಚಿವರಾಗಿ ಬಂದ ಚರ್ಚಿಲ್ ಕ್ರಮವನ್ನು ಬದಲಿಸಿ, ಸೇವೆಯ ಅವಧಿ, ವಯಸ್ಸು ಮತ್ತು ಗಾಯಗಳಿಗೆ ಆದ್ಯತೆ ಕೊಟ್ಟರು. ಅಮೆರಿಕದ ಸೇನೆ 1945ರಲ್ಲಿ ಅಂಕಗಳ ಪದ್ಧತಿಯನ್ನು ಬಳಸಿತು: ಸೇವೆಯ ತಿಂಗಳಿಗೆ ಒಂದು ಅಂಕ, ವಿದೇಶದಲ್ಲಿ ಕಳೆದ ತಿಂಗಳಿಗೆ ಇನ್ನೊಂದು, ಪದಕಕ್ಕೆ ಐದು, ಮೂರು ಮಕ್ಕಳವರೆಗೆ ಪ್ರತಿ ಮಗುವಿಗೆ 12, ಆರಂಭದಲ್ಲಿ 85 ಅಂಕಗಳಾದವರಿಗೆ ಬಿಡುಗಡೆಯ ಅರ್ಹತೆ. ಅದರಲ್ಲಿಯೂ ಅಸಮಾಧಾನಗಳಿದ್ದವು. ಆದರೂ ತನ್ನ ಸರದಿಯನ್ನು ಸೈನಿಕನೇ ಬೆರಳೆಣಿಸಿ ಲೆಕ್ಕಹಾಕಬಲ್ಲ ನಿಯಮವನ್ನೇ ಆರಿಸಿಕೊಳ್ಳಬೇಕೆಂದು ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ. ನಿಯಮವನ್ನು ಪ್ರತಿ ಶಿಬಿರದಲ್ಲೂ ಗಟ್ಟಿಯಾಗಿ ಓದಿಸಿ, ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಹಚ್ಚಬೇಕು.

ಬಾಕಿ ಸಂಬಳ ಚುಕ್ತಾ ಆಗದೆ ಯಾರನ್ನೂ ಕಳುಹಿಸಬಾರದು. 1783ರ ಜೂನ್‌ನಲ್ಲಿ, ಬ್ರಿಟನ್ ವಿರುದ್ಧದ ಕ್ರಾಂತಿಯುದ್ಧದಲ್ಲಿ ಕಾದಾಡಿದ ಅಮೆರಿಕದ ಕಾಂಟಿನೆಂಟಲ್ ಸೇನೆಯ ಬಹುಪಾಲು ಸೈನಿಕರನ್ನು ರಜೆಯ ಹೆಸರಿನಲ್ಲಿ ಮನೆಗೆ ಕಳುಹಿಸಲಾಯಿತು. ಅವರಿಗೆ ಕೊಡಬೇಕಿದ್ದ ಮೂರು ತಿಂಗಳ ವೇತನವೂ ನಗದಾಗಿರದೆ ಮುಂದೊಂದು ದಿನ ಹಣವಾಗುವ ಚೀಟಿಗಳಾಗಿತ್ತು, ಮತ್ತು ಆ ಚೀಟಿಗಳು ಬರುವ ಮೊದಲೇ ಅನೇಕರು ಹೊರಟುಹೋಗಿದ್ದರು. ಅದೇ ತಿಂಗಳು ಸಂಬಳ ಕೇಳುತ್ತಾ ಪೆನ್ಸಿಲ್ವೇನಿಯಾದ ಸೈನಿಕರು ಫಿಲಡೆಲ್ಫಿಯಾದಲ್ಲಿ ದಂಗೆ ಎದ್ದಾಗ ಅಮೆರಿಕದ ಪ್ರತಿನಿಧಿ ಸಭೆಯಾದ ಕಾಂಗ್ರೆಸ್ಸೇ ಪ್ರಿನ್ಸ್‌ಟನ್‌ಗೆ ಸ್ಥಳಾಂತರಗೊಂಡಿತು. ರಜೆಯಲ್ಲಿದ್ದವರಿಗೆ ಅಂತಿಮ ಬಿಡುಗಡೆ ನವೆಂಬರ್ 3ರಿಂದ ಜಾರಿಗೆ ಬಂತು. ಬಾಕಿಗೆ ಬದಲಾಗಿ ಸಿಕ್ಕ ಪ್ರಮಾಣಪತ್ರಗಳನ್ನು ಎಷ್ಟೋ ಮಂದಿ ಹೊಟ್ಟೆಪಾಡಿಗಾಗಿ ಮುಖಬೆಲೆಯ ಸಣ್ಣ ಭಾಗಕ್ಕೆ ಮಾರಿಕೊಂಡರು. ಖಜಾನೆಯಲ್ಲಿ ಪೂರ್ತಿ ಹಣವಿಲ್ಲದಿದ್ದರೆ, ದಾರಿಗೂ ಮೊದಲ ಚಳಿಗಾಲಕ್ಕೂ ಸಾಲುವಷ್ಟನ್ನಾದರೂ ನಗದಾಗಿ ಕೊಟ್ಟು, ಉಳಿದುದಕ್ಕೆ ಬೇರೆಯವರಿಗೆ ಮಾರಲಾಗದ, ಸೈನಿಕನ ಹೆಸರಿನ ಪತ್ರವನ್ನು ಬರೆದುಕೊಡಬೇಕು.

ಹೊರಡುವ ದಿನದ ವಿಧಿಗಳನ್ನು ಒಂದೇ ಸ್ಥಳದಲ್ಲಿ ಮುಗಿಸಬೇಕು. ಆಯುಧವನ್ನು ಒಪ್ಪಿಸಿಕೊಂಡು ರಸೀದಿ, ನಂತರ ವೈದ್ಯರ ತಪಾಸಣೆ, ಹಣ, ಬಿಡುಗಡೆ ಪತ್ರ, ದಾರಿಯ ಬುತ್ತಿ, ಹೀಗೆ. ಜ್ವರವಿರುವವನನ್ನು, ಅವನು ಎಷ್ಟೇ ಬೇಡಿಕೊಂಡರೂ, ತುಂಬಿದ ಬೋಗಿಗೆ ಹತ್ತಿಸಬಾರದು. ಟೈಫಸ್ ಎಂಬ ಸಾಂಕ್ರಾಮಿಕ ಜ್ವರ ಹೇನುಗಳಿಂದ ಹರಡುವುದರಿಂದ ಸ್ನಾನ ಮಾಡಿಸಿ, ಬಟ್ಟೆಗಳನ್ನು ಬಿಸಿ ಹಬೆಯಲ್ಲಿ ಶುದ್ಧಗೊಳಿಸಿ ಕೊಡುವುದು ಸೈನಿಕನ ಮನೆಯವರನ್ನೂ ಕಾಪಾಡುವ ಕೆಲಸ. ಚಳಿಯ ಅಂಗಿಯನ್ನೂ ಕಂಬಳಿಯನ್ನೂ ಸರ್ಕಾರಿ ಸೊತ್ತೆಂದು ಹಿಂದಕ್ಕೆ ಕಿತ್ತುಕೊಳ್ಳಬಾರದು.

ಹಾಜರಿ ಪಟ್ಟಿ, ಸಂಬಳದ ಲೆಕ್ಕ, ಗಾಯಗಳ ವಿವರ, ಇವುಗಳ ಪ್ರತಿಗಳನ್ನು ಎರಡು ಬೇರೆ ಊರುಗಳಲ್ಲಿ ಇರಿಸಿ, ಮೂರನೆಯದನ್ನು ಸೈನಿಕನ ಕೈಗೇ ಕೊಡಬೇಕು. 1800ರ ನವೆಂಬರ್‌ನಲ್ಲಿ ಅಮೆರಿಕದ ಯುದ್ಧ ಇಲಾಖೆಯ ಕಚೇರಿಗೆ ಬೆಂಕಿ ಬಿದ್ದು ಕ್ರಾಂತಿಯುದ್ಧದ ದಾಖಲೆಗಳು ಸುಟ್ಟುಹೋದವು. 1832ರ ಪಿಂಚಣಿ ಕಾನೂನು ಬಂದಾಗ ಮುದುಕರಾಗಿದ್ದ ಅರ್ಜಿದಾರರು ನ್ಯಾಯಾಲಯದ ಮುಂದೆ ನಿಂತು, ತಾವು ಯಾವ ನಾಯಕನ ಕೈಕೆಳಗೆ ಎಲ್ಲೆಲ್ಲಿ ಸೇವೆ ಸಲ್ಲಿಸಿದೆವೆಂಬುದನ್ನು ನೆನಪಿನಿಂದಲೇ ಹೇಳಬೇಕಾಯಿತು.