ದಾವಣಗೆರೆಯಲ್ಲೇ ತಯಾರಿಸಿದ ಜಿಕೆ 1.5

ಪ್ರಯೋಗದ ಇಲಿಗಳ ಮೈಯಿಂದ ಸಿಡಿ4 ಕೋಶಗಳನ್ನು (ಒಂದು ಬಗೆಯ ರೋಗನಿರೋಧಕ ಕೋಶಗಳು) ಕಳೆಯಲು ಬೇಕಾದ ಜಿಕೆ 1.5 ಪ್ರತಿಕಾಯವನ್ನು ದಾವಣಗೆರೆಯಲ್ಲೇ ತಯಾರಿಸುವೆನೆಂದಾಗ ಬೆಂಗಳೂರಿನ ಸ್ನೇಹಿತರು ನಂಬಲಿಲ್ಲ. ಕೊಳ್ಳೋಣವೆಂದರೆ 25 ಮಿಲಿಗ್ರಾಂಗೆ ಅರವತ್ತು-ಎಪ್ಪತ್ತು ಸಾವಿರ ರೂಪಾಯಿಯ ಕೊಟೇಶನ್. ಒಂದು ಇಲಿಗೆ ಒಂದು ಸಲಕ್ಕೆ 200ರಿಂದ 250 ಮೈಕ್ರೋಗ್ರಾಂ ಬೇಕು, ಅದೂ ವಾರಗಟ್ಟಲೆ. ಒಮ್ಮೆ ತರಿಸಿದ್ದೂ ಏಪ್ರಿಲ್ ಬಿಸಿಲಿಗೆ ಐಸೆಲ್ಲ ಕರಗಿ ಬೆಚ್ಚಗೆ ಬಂದು ತಲುಪಿತ್ತು.

ಈ ಪ್ರತಿಕಾಯವನ್ನು ಸ್ರವಿಸುವ ಹೈಬ್ರಿಡೋಮಾ ಕೋಶಗಳನ್ನು ಬೆಳೆಸುವುದು ಕಷ್ಟವಾಗಲಿಲ್ಲ. ಜಿಕೆ 1.5 ರ‍್ಯಾಟ್ (ದೊಡ್ಡ ಇಲಿ) ಮೂಲದ ಐಜಿಜಿ2ಬಿ ಬಗೆಯ ಪ್ರತಿಕಾಯ; ಪ್ರತಿಕಾಯಗಳನ್ನು ಹಿಡಿದು ಬೇರ್ಪಡಿಸಲು ಕೈಯಲ್ಲಿದ್ದ ಪ್ರೋಟೀನ್ ಎ ಕಾಲಮ್ ರ‍್ಯಾಟ್ ಐಜಿಜಿ2ಬಿಯನ್ನು ಹಿಡಿಯದ ಕಾರಣ ಪ್ರೋಟೀನ್ ಜಿಗೆ ದುಡ್ಡು ಸುರಿಯಬೇಕಾಯಿತು. ಶೇಕಡ 10 ಹಸುವಿನ ರಕ್ತದ ಸೀರಮ್‌ನಲ್ಲಿ ಬೆಳೆದ ಮೊದಲ ಬ್ಯಾಚ್‌ನ ಇಳುವರಿ ನಿರೀಕ್ಷೆಗಿಂತ ಹೆಚ್ಚಿತ್ತು, ಜೆಲ್‌ನಲ್ಲಿ 50 ಮತ್ತು 25 ಕಿಲೋಡಾಲ್ಟನ್ ಬಳಿ ಪಟ್ಟಿಗಳು ಚೊಕ್ಕವಾಗಿದ್ದವು; ಆದರೂ ಕೆಲವು ಇಲಿಗಳಲ್ಲಿ ಸಿಡಿ4 ಕೋಶಗಳು ಪೂರ್ತಿ ಹೋಗಲಿಲ್ಲ, ಹೋದವೂ ಬೇಗ ಮರಳಿದವು. ಕಾರಣ, ಕಾಲಮ್ ಹಿಡಿದದ್ದರಲ್ಲಿ ದೊಡ್ಡ ಪಾಲು ಸೀರಮ್‌ನೊಳಗಿನ ಹಸುವಿನ ಐಜಿಜಿ. ಅದರ ಪಟ್ಟಿಗಳೂ ಅಲ್ಲೇ ಕೂರುವುದರಿಂದ ಜೆಲ್‌ನಲ್ಲಿ ವ್ಯತ್ಯಾಸ ತಿಳಿಯದು, ಪ್ರೋಟೀನ್ ಅಳೆಯುವ 280 ನ್ಯಾನೋಮೀಟರ್ ರೀಡಿಂಗ್‌ನಲ್ಲೂ ತಿಳಿಯದು.

ಆದ್ದರಿಂದ ಕೋಶಗಳಿಗೆ ಸೀರಮ್ ಬಿಡಿಸಲು ಹೊರಟೆ. ಹತ್ತರಿಂದ ಐದು, ಐದರಿಂದ ಎರಡು ಎಂದು ಇಳಿಸುತ್ತ ಬಂದರೆ ಎರಡರ ಹತ್ತಿರ ಅರ್ಧಕ್ಕರ್ಧ ಸಾಯುತ್ತವೆ. ಕರೆಂಟ್ ಹೋಗಿ ಇನ್‌ಕ್ಯುಬೇಟರ್ ತಣ್ಣಗಾದ ದಿನ ಉಳಿದವೂ ಸತ್ತವು. ಯುಪಿಎಸ್‌ಗೆ ಹಾಕಿದ ಹಣವೇ ಈ ಕೆಲಸದ ಅತಿ ದೊಡ್ಡ ಖರ್ಚು. ಆ ಹಂತದಲ್ಲಿ ಫ್ಲಾಸ್ಕಿಗೆ ನಾನು ಸೇರಿಸುವುದೇನೆಂಬುದನ್ನು ಸದ್ಯಕ್ಕೆ ಇಲ್ಲಿ ಬರೆಯುವುದಿಲ್ಲ. ಕೋಶಗಳನ್ನು ದಟ್ಟವಾಗಿಟ್ಟು ಅವಸರಪಡದಿದ್ದರೆ ಅದಿಲ್ಲದೆಯೂ ಸಾಧ್ಯವಿದೆ.

ಸೀರಮ್ ಬಿಟ್ಟ ಕೋಶಗಳನ್ನು ಬೆಳೆಸಿ, ಮೀಡಿಯಂ (ಬೆಳೆಸುವ ದ್ರವ) ಹಳದಿಗೆ ತಿರುಗಿ ಅವು ತಾವಾಗಿಯೇ ಸಾಯುವವರೆಗೆ, ಅಂದರೆ ಸುಮಾರು ಹತ್ತು ದಿನ, ಬಿಟ್ಟು, ಅರ್ಧ ಸ್ಯಾಚುರೇಶನ್‌ನ ಅಮೋನಿಯಂ ಸಲ್ಫೇಟ್‌ನಿಂದ ಪ್ರತಿಕಾಯವನ್ನು ತಳಕ್ಕಿಳಿಸಿ, ಕಾಲಮ್‌ಗೆ ಹಾಕುತ್ತೇನೆ. ಪಿಎಚ್ 2.7ರ ಆಮ್ಲೀಯ ಗ್ಲೈಸಿನ್‌ನೊಂದಿಗೆ ಇಳಿಯುವ ಹನಿ ಟ್ಯೂಬಿನಲ್ಲಿರುವ, ಆಮ್ಲ ತಗ್ಗಿಸುವ ಟ್ರಿಸ್‌ಗೆ ಬಿದ್ದಾಗ ಸಕ್ಕರೆ ಪಾಕದಂತೆ ಎಳೆಯಾಡಿದರೆ ಪ್ರತಿಕಾಯ ಬರುತ್ತಿರಬಹುದು. ಇಲಿಗೆ ಕೊಡುವುದಾದ್ದರಿಂದ ಕೆಡದಂತೆ ಹಾಕುವ ಅಜೈಡ್ ಬೇಡ, ಅದು ವಿಷ. ಲೀಟರಿಗೆ ಹದಿನೈದು-ಇಪ್ಪತ್ತು ಮಿಲಿಗ್ರಾಂ ಸಿಗುತ್ತದೆ.

ಇದರ ನಡುವೆ 2.4ಜಿ2 ಎಂಬ ಇನ್ನೊಂದು ಹೈಬ್ರಿಡೋಮಾ ಕೋಶಗಳನ್ನೂ ಬೆಳೆಸಿದೆ. ಅದರ ಪ್ರತಿಕಾಯ ಪರೀಕ್ಷೆಯಲ್ಲಿ ಎಫ್‌ಸಿ ಬ್ಲಾಕ್ ಆಗಿ, ಅಂದರೆ ಬೇರೆ ಪ್ರತಿಕಾಯಗಳು ಬೇಡದ ಕಡೆ ಅಂಟದಂತೆ ತಡೆಯಲು, ಬೇಕು. ಎಫ್‌ಸಿ ಬ್ಲಾಕ್‌ಗೆ ಶುದ್ಧೀಕರಣದ ಗೊಡವೆಯೇ ಬೇಡ, ಹಸುವಿನ ಐಜಿಜಿಯಿದ್ದರೂ ಸೂಪರ್‌ನೇಟೆಂಟ್ (ಕೋಶ ತೆಗೆದ ಮೇಲಿನ ದ್ರವ) ನೇರವಾಗಿ ಕೆಲಸ ಮಾಡುತ್ತದೆ.

ಸಿಡಿ4 ಕೋಶಗಳು ಹೋದವೇ ಎಂದು ಪರೀಕ್ಷಿಸುವಾಗ, ಸಿಡಿ4ರ ಬೇರೆ ಜಾಗಕ್ಕೆ ಅಂಟುವ, ಜಿಕೆ 1.5 ಮರೆಮಾಚದ ಪ್ರತಿಕಾಯವಾದ ಆರ್‌ಎಂ4-4 ಕ್ಲೋನನ್ನೇ ಬಳಸಬೇಕು. ಇಲ್ಲವಾದರೆ ಕೋಶ ಉಳಿದಿದ್ದರೂ ಹೋದಂತೆ ಕಾಣುತ್ತದೆ. ಫಾರ್ಮಾಲ್ಡಿಹೈಡ್‌ನಲ್ಲಿ ಫಿಕ್ಸ್ ಮಾಡಿದ ಸ್ಯಾಂಪಲ್‌ಗಳನ್ನು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಒಯ್ದು ಫ್ಲೋ ಸೈಟೋಮೀಟರ್‌ನಲ್ಲಿ (ಕೋಶಗಳನ್ನು ಗುರುತಿಸಿ ಎಣಿಸುವ ಯಂತ್ರ) ಓಡಿಸಿದಾಗ ಗುಲ್ಮ, ಅಂದರೆ ಸ್ಪ್ಲೀನ್‌ನಲ್ಲಿ ಶೇಕಡ 95ಕ್ಕೂ ಮಿಕ್ಕಿ ಸಿಡಿ4 ಕೋಶಗಳು ಇಲ್ಲವಾಗಿದ್ದವು. ಯುಪಿಎಸ್ ಬಿಟ್ಟರೆ, ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ವಿಷ) ಪರೀಕ್ಷೆ ಸೇರಿಯೂ ಬ್ಯಾಚ್‌ಗೆ ಏಳೆಂಟು ಸಾವಿರ ದಾಟುವುದಿಲ್ಲ.